ತುದಿ ಬಿಡಬೇಡಿ

"ತುದಿ ಬಿಡಿ ಭಾಯ್, ಕುದುರೆ ಹೆಜ್ಜೆ ಚಾಚಬೇಕು."

ರೇಸ್ ಕುದುರೆಗಳ ಲಾಯದಲ್ಲಿ ಲಾಳ ಹೊಡೆಸುವ ದಿನ ನಾನು ಅತಿ ಹೆಚ್ಚು ಬಾರಿ ಕೇಳಿರುವ ಮಾತು ಇದು. ಲಾಳ ಹೊಡೆಯುವ ನಾಲಬಂದ್ ಕುದುರೆಯ ಕಾಲನ್ನು ತೊಡೆಗಳ ನಡುವೆ ಹಿಡಿದು ಕೂತಿರುತ್ತಾನೆ, ಕೈಯಲ್ಲಿ ಅರ ಇರುತ್ತದೆ. ಗೊರಸಿನ ಮುಂತುದಿಯನ್ನು ಇನ್ನೆರಡು ಸಲ ಉಜ್ಜಬೇಕೆಂದು ಅವನ ಕೈಗೆ ಗೊತ್ತು. ಅಷ್ಟರಲ್ಲಿ ಹಿಂದಿನಿಂದ ಈ ಮಾತು ಬರುತ್ತದೆ. ಅರ ನಿಲ್ಲುತ್ತದೆ. ತುದಿ ಉಳಿಯುತ್ತದೆ. ಗೊರಸು ಉದ್ದವಿದ್ದಷ್ಟೂ ಹೆಜ್ಜೆ ಉದ್ದ, ಹೆಜ್ಜೆ ಉದ್ದವಿದ್ದಷ್ಟೂ ಓಟ ವೇಗ ಎಂಬ ನಂಬಿಕೆ ಟ್ರೈನರ್‌ನಿಂದ ಕುದುರೆ ನೋಡಿಕೊಳ್ಳುವ ಸೈಸ್‌ಗೆ, ಸೈಸ್‌ನಿಂದ ಮಾಲೀಕನಿಗೆ, ತಂದೆಯಿಂದ ಮಗನಿಗೆ ದಾಟಿ ಬಂದಿದೆ. ಕೇಳಿದರೆ, ಎಲ್ಲರಿಗೂ ಗೊತ್ತಿರುವ ಸಂಗತಿ ಎನ್ನುತ್ತಾರೆ.

ಎಲ್ಲರಿಗೂ ಗೊತ್ತಿರುವ ಈ ಸಂಗತಿ ತಪ್ಪು. ಇದರ ಬೆಲೆಯನ್ನು ಕುದುರೆ ತನ್ನ ಸ್ನಾಯುರಜ್ಜು ಹರಿಯುವುದರಿಂದ, ಮೂಳೆ ಸವೆಯುವುದರಿಂದ ತೆರುತ್ತಿದೆ.

ಕುದುರೆಯೊಂದನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಗೊರಸಿನ ಮಟ್ಟಕ್ಕೆ ಕಣ್ಣು ತಂದು ನೋಡಿ. ಗೊರಸಿನ ಮೇಲೆ ಇಳಿಜಾರಾಗಿ ಬರುವ ಭಾಗವನ್ನು ಪಾಸ್ಟರ್ನ್ ಎನ್ನುತ್ತಾರೆ. ಆ ಇಳಿಜಾರೂ ಗೊರಸಿನ ಮುಂಗೋಡೆಯ ಇಳಿಜಾರೂ ಒಂದೇ ಗೆರೆಯಲ್ಲಿ ಹರಿಯಬೇಕು. ಆರೋಗ್ಯವಂತ ಗೊರಸಿನಲ್ಲಿ ಹಾಗೆಯೇ ಇರುತ್ತದೆ. ನಾನು ಹೇಳುತ್ತಿರುವ ಗೊರಸಿನಲ್ಲಿ ಈ ಗೆರೆ ಕೂದಲಂಚಿನ ಹತ್ತಿರ ಮುರಿಯುತ್ತದೆ. ಪಾಸ್ಟರ್ನ್ ನೆಟ್ಟಗೆ ಇಳಿದರೆ ಗೊರಸು ದೋಣಿಯ ಮೂತಿಯ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹಿಂದೆ ಹಿಮ್ಮಡಿ ಭಾರ ತಾಳದೆ ಕುಸಿದು, ಕಾಲಿನ ಅಡಿಗೆ ನುಗ್ಗಿ ಮಲಗಿರುತ್ತದೆ. ಉದ್ದ ತುದಿ, ತಗ್ಗು ಹಿಮ್ಮಡಿ ಎರಡೂ ಒಂದೇ ದೋಷದ ಎರಡು ಮುಖ. ಒಂದು ಬಂದ ಕಡೆ ಇನ್ನೊಂದು ಬರುತ್ತದೆ.

ಹೊರಗೆ ಕಾಣುವುದು ಇಷ್ಟು. ಒಳಗೆ ಆಗುವುದನ್ನು ಹೇಳಬೇಕೆಂದರೆ ಸ್ವಲ್ಪ ದೇಹರಚನೆ ಬೇಕು, ಓದುಗರು ಸೈರಿಸಿಕೊಳ್ಳಬೇಕು. ಕುದುರೆ ನಿಂತಿರುವುದು ನಾವು ನಡುಬೆರಳು ಎನ್ನುವ ಒಂದೇ ಬೆರಳಿನ ತುದಿಯ ಮೇಲೆ. ಆ ಬೆರಳಿನ ಕೊನೆಯ ಮೂಳೆ, ಕಾಫಿನ್ ಮೂಳೆ, ಗೊರಸಿನ ಚಿಪ್ಪಿನೊಳಗೆ ತೂಗಿಕೊಂಡಿದೆ. ಸುಮಾರು 600 ತೆಳು ಪದರಗಳು ಅದನ್ನು ಚಿಪ್ಪಿಗೆ ಹೆಣೆದು ಹಿಡಿದಿವೆ. ಮೂಳೆಯ ಹಿಂದೆ ದೋಣಿಯಾಕಾರದ ಪುಟ್ಟ ಮೂಳೆಯೊಂದಿದೆ, ನ್ಯಾವಿಕ್ಯುಲರ್. ಮೊಣಕಾಲಿನ ಮೇಲಿನ ಸ್ನಾಯುವಿನಿಂದ ಇಳಿದುಬರುವ ಆಳದ ಸ್ನಾಯುರಜ್ಜು ಈ ಪುಟ್ಟ ಮೂಳೆಯ ಬೆನ್ನನ್ನು ಬಾವಿಯ ಗಾಲಿಯ ಮೇಲೆ ಹಗ್ಗ ಹಾದಂತೆ ಹಾದು, ಕಾಫಿನ್ ಮೂಳೆಯ ಅಡಿಗೆ ಹೋಗಿ ಕಚ್ಚಿಕೊಂಡಿದೆ. ಹಗ್ಗ ಬಿಗಿದಷ್ಟೂ ಗಾಲಿಯ ಮೇಲೆ ಒತ್ತಡ.

ಕುದುರೆ ಹೆಜ್ಜೆ ಎತ್ತುವಾಗ ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಇಡೀ ಕಾಲು ಗೊರಸಿನ ತುದಿಯ ಮೇಲೆ ಉರುಳಿ ನೆಲ ಬಿಡುತ್ತದೆ. ಹಾರೆ ಹಾಕಿ ಬಂಡೆ ಮೀಟಿದವರಿಗೆ ಈ ಲೆಕ್ಕ ಬಾಯಿಪಾಠ: ಹಾರೆ ಉದ್ದವಾದಷ್ಟೂ ಉದ್ದದ ಕಡೆ ಹಿಡಿದವನಿಗೆ ಹಗುರ, ಗಿಡ್ಡ ಕಡೆಯಲ್ಲಿರುವುದಕ್ಕೆ ಭಾರ. ಇಲ್ಲಿ ಉದ್ದದ ಕಡೆ ಹಿಡಿದಿರುವುದು ನೆಲ. ಗಿಡ್ಡ ಕಡೆಯಲ್ಲಿ ಸಿಕ್ಕಿಕೊಂಡಿರುವುದು ಕುದುರೆಯ ಸ್ನಾಯುರಜ್ಜು. ತುದಿಯನ್ನು ನೀವು ಒಂದು ಬೆರಳಗಲ ಬಿಟ್ಟರೆ, ಹಾರೆಯನ್ನು ಅಷ್ಟು ಉದ್ದ ಮಾಡಿ ನೆಲದ ಕೈಗೆ ಕೊಟ್ಟ ಹಾಗೆ. ನಾಗಾಲೋಟದಲ್ಲಿ ಒಂದು ಮುಂಗಾಲಿನ ಮೇಲೆ ಬೀಳುವ ಬಲ ಕುದುರೆಯ ಮೈತೂಕದ ಸುಮಾರು ಎರಡೂವರೆ ಪಟ್ಟು. 450 ಕಿಲೋ ತೂಗುವ ಕುದುರೆಯೆಂದರೆ ಸಾವಿರದ ನೂರು ಕಿಲೋಗೂ ಮಿಕ್ಕ ಭಾರ, ಒಂದು ಗೊರಸಿನ ಮೇಲೆ, ಪ್ರತಿ ನೆಗೆತಕ್ಕೂ.

ಇದು ನನ್ನ ಊಹೆಯಲ್ಲ, ಅಳೆದು ನೋಡಿದ ವಿಷಯ. 1999ರಲ್ಲಿ ವಿಲ್ಲೆಮನ್ ಮತ್ತು ಸಂಗಡಿಗರು ಆರೋಗ್ಯವಂತ ಕುದುರೆಗಳ ಹಿಮ್ಮಡಿಯನ್ನು ಬೆಣೆಯಿಟ್ಟು 6 ಡಿಗ್ರಿ ಎತ್ತಿದಾಗ, ನ್ಯಾವಿಕ್ಯುಲರ್ ಮೂಳೆಯ ಮೇಲಿನ ಬಲ ಶೇ. 24ರಷ್ಟು ಇಳಿಯಿತು. ಐದು ವರ್ಷದ ನಂತರ, 2004ರಲ್ಲಿ, ಎಲಿಯಾಶರ್ ಮತ್ತು ಸಂಗಡಿಗರು ಬೆಣೆ ಮುಟ್ಟದೆ ಬೇರೆ ದಾರಿಯಿಂದ ಹೋದರು. ಕುದುರೆಗಳು ಇದ್ದ ಹಾಗೆಯೇ ಅವುಗಳ ಕಾಫಿನ್ ಮೂಳೆಯ ಅಡಿಭಾಗ ನೆಲಕ್ಕೆ ಎಷ್ಟು ಓರೆಯಾಗಿದೆ ಎಂದು ಅಳೆದು, ಜತೆಗೆ ಬಲವನ್ನೂ ಲೆಕ್ಕ ಹಾಕಿದರು. ಆ ಓರೆ ಒಂದು ಡಿಗ್ರಿ ಕಡಿಮೆಯಾದರೆ ಬಲ ಶೇ. 4ರಷ್ಟು ಹೆಚ್ಚು ಎಂದು ಕಂಡಿತು. ಆರು ಡಿಗ್ರಿಗೆ ಇಪ್ಪತ್ತನಾಲ್ಕು, ಒಂದಕ್ಕೆ ನಾಲ್ಕು. ಎರಡು ಬೇರೆ ದಾರಿ ಹಿಡಿದವರು ಒಂದೇ ಅಂಕೆಗೆ ಬಂದು ಮುಟ್ಟಿದ್ದಾರೆ. ತಗ್ಗಿದ ಹಿಮ್ಮಡಿಯಿಂದ ಏನೂ ಆಗುವುದಿಲ್ಲ ಎನ್ನುವವರು ಮೊದಲು ಈ ಅಂಕೆಗೆ ಉತ್ತರ ಕೊಡಬೇಕು.

ಇನ್ನು ಹೆಜ್ಜೆ ಉದ್ದವಾಗುವ ವಿಷಯ. ಕುದುರೆಯ ನಡಿಗೆಯ ಅಧ್ಯಯನದಲ್ಲಿ ದೊಡ್ಡ ಹೆಸರಾದ ಹಿಲರಿ ಕ್ಲೇಟನ್ ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಒಂದೇ ಕುದುರೆಗಳನ್ನು ಒಮ್ಮೆ ಸರಿಯಾದ ಗೆರೆಯಲ್ಲಿ ಗೊರಸು ಕತ್ತರಿಸಿ, ಇನ್ನೊಮ್ಮೆ ತುದಿ ಚಾಚಿ ಹಿಮ್ಮಡಿ ತಗ್ಗಿಸಿ, ದುಡುಕಿ (ಟ್ರಾಟ್) ನಡಿಗೆಯಲ್ಲಿ ಓಡಿಸಿ ಚಿತ್ರೀಕರಿಸಿದರು. 1990ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹೆಜ್ಜೆ ಉದ್ದವಾಗಲಿಲ್ಲ. ಗೊರಸು ತುದಿಯ ಮೇಲೆ ಉರುಳಿ ನೆಲ ಬಿಡಲು ಮಾತ್ರ ಹೆಚ್ಚು ಹೊತ್ತು ಹಿಡಿಯಿತು, ಮತ್ತು ಗೊರಸು ತುದಿಯೂರಿ ನೆಲಕ್ಕಿಳಿಯುವ ಪ್ರವೃತ್ತಿ ಹೆಚ್ಚಿತು. ಅದು ದುಡುಕಿ, ನಾಗಾಲೋಟವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಉದ್ದ ತುದಿಯಿಂದ ನಾಗಾಲೋಟದ ಹೆಜ್ಜೆ ಉದ್ದವಾಗುತ್ತದೆ ಎಂದು ಸಾಧಿಸುವ ಹೊಣೆ ಆ ಮಾತಿನ ಮೇಲೆ ಕುದುರೆಯ ಕಾಲನ್ನು ಪಣಕ್ಕಿಟ್ಟವರದ್ದು. ಅವರು ಇಷ್ಟು ವರ್ಷಗಳಲ್ಲಿ ತೋರಿಸಿರುವುದು ತಮ್ಮ ಕಣ್ಣಂದಾಜನ್ನು ಮಾತ್ರ.

ಕಣ್ಣು ಮೋಸ ಹೋಗುವುದೂ ಸುಲಭ. ನೆಲ ಬಿಡಲು ತಡಮಾಡಿದ ಗೊರಸು ಬಿಟ್ಟ ಕೂಡಲೇ ಜಿಗಿದು ಮೇಲೇಳುತ್ತದೆ. ನೋಡುವವನಿಗೆ ಕಾಲು ಚಾಚಿದ ಹಾಗೆ, ಹೆಜ್ಜೆಗೆ ಕಸುವು ಬಂದ ಹಾಗೆ ಕಾಣುತ್ತದೆ. ಬೆಳಗಿನ ಮಬ್ಬಿನಲ್ಲಿ ಕಟಾಂಜನಕ್ಕೆ ಒರಗಿ ನಿಂತು ನೋಡಿದಾಗ ನನಗೂ ಹಾಗೆಯೇ ಕಂಡಿತ್ತು.

ಹದಿನೈದು ವರ್ಷ ಹಿಂದಿನ ಮಾತು. ಓಟದಿಂದ ನಿವೃತ್ತಿಯಾದ ಕೆಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ನಾನು ಮೈಸೂರಿನ ಹೊರವಲಯಕ್ಕೆ ತಂದುಕೊಂಡಿದ್ದೆ. ಮುಂಗಾಲು ಆಗಾಗ ಎಳೆಯುತ್ತಿತ್ತು. ಭುಜ ಹಿಡಿದಿದೆ ಎಂದರು. ಭುಜಕ್ಕೆ ಎಣ್ಣೆ ತಿಕ್ಕಿದ್ದಾಯಿತು, ಮೂರು ವಾರ ಕಟ್ಟಿ ಹಾಕಿದ್ದಾಯಿತು, ನೋವಿಗೆ ಫಿನೈಲ್‌ಬ್ಯೂಟಜೋನ್ ಕೊಟ್ಟಿದ್ದಾಯಿತು. ಮದ್ದು ಕೊಟ್ಟಾಗ ನಡೆಯುತ್ತಿತ್ತು, ನಿಲ್ಲಿಸಿದಾಗ ಕುಂಟುತ್ತಿತ್ತು. ನಾಲ್ಕು ತಿಂಗಳು ಹೀಗೆ ಕಳೆದವು. ಕೊನೆಗೆ ಒಬ್ಬ ಯುವ ಪಶುವೈದ್ಯರು ಗೊರಸಿನ ಹಿಂಭಾಗದ ನರಕ್ಕೆ ಮರಗಟ್ಟಿಸುವ ಮದ್ದು ಹಾಕಿ ನಡೆಸಿದರು. ಕುಂಟು ಮಾಯವಾಯಿತು. ನೋವು ಇದ್ದದ್ದು ಗೊರಸಿನಲ್ಲಿ, ಭುಜದಲ್ಲಲ್ಲ. ಪಕ್ಕದಿಂದ ತೆಗೆದ ಎಕ್ಸ್‌ರೇ ನೋಡಿ ನನಗೆ ಮಾತು ಹೊರಡಲಿಲ್ಲ. ಕಾಫಿನ್ ಮೂಳೆಯ ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರದಲ್ಲಿರಬೇಕು. ನನ್ನ ಕುದುರೆಯಲ್ಲಿ ಅದು ಮಟ್ಟಸವಾಗಿ ಮಲಗಿತ್ತು. ನಾಲ್ಕು ತಿಂಗಳು ದಿನಕ್ಕೆರಡು ಸಲ ನಾನು ಆ ಗೊರಸನ್ನು ಕೈಯಲ್ಲಿ ಹಿಡಿದು ಕೊಳೆ ಕೆರೆದಿದ್ದೆ. ಕಣ್ಣೆದುರಿಗಿದ್ದ ಮುರಿದ ಗೆರೆಯನ್ನು ಒಮ್ಮೆಯೂ ನೋಡಿರಲಿಲ್ಲ, ಏಕೆಂದರೆ ರೇಸ್ ಕುದುರೆಯ ಗೊರಸು ಇರುವುದೇ ಹೀಗೆ ಎಂದು ನನಗೂ ಹೇಳಿಕೊಟ್ಟಿದ್ದರು.

ತುದಿಯನ್ನು ಹಿಂದಕ್ಕೆ ತರುವ ಕೆಲಸ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಗೊರಸು ಬೆಳೆಯುವುದು ತಿಂಗಳಿಗೆ 6ರಿಂದ 10 ಮಿಲಿಮೀಟರ್. ಮೇಲಿನ ಕೂದಲಂಚಿನಿಂದ ಹೊರಟ ಹೊಸ ಕೊಂಬು, ಅಂದರೆ ಗೊರಸಿನ ಗಡಸು ಪದಾರ್ಥ, ತುದಿ ಮುಟ್ಟಲು ಒಂದು ವರ್ಷದ ಹತ್ತಿರ ಬೇಕು. ನಾಲ್ಕೈದು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತೆಗೆಸಿದೆವು, ಲಾಳವನ್ನು ಹಿಂದಕ್ಕೆ ಸರಿಸಿ ಹಿಮ್ಮಡಿಗೆ ಆಸರೆ ಕೊಟ್ಟೆವು. ಐದನೆಯ ತಿಂಗಳಿಗೆ ಮದ್ದಿಲ್ಲದೆ ನಡೆಯತೊಡಗಿತು. ಪೂರಾ ಗುಣವಾಯಿತು ಎಂದು ಹೇಳಲಾರೆ. ಗಟ್ಟಿ ನೆಲದ ಮೇಲೆ ತಿರುಗುವಾಗ ಕೊನೆಯವರೆಗೂ ಅದು ಎಡಗಾಲನ್ನು ಹುಷಾರಾಗಿ ಇಡುತ್ತಿತ್ತು. ಒಳಗೆ ಕೆಟ್ಟದ್ದನ್ನು ಅರದಿಂದ ಉಜ್ಜಿ ಸರಿಮಾಡಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಬರುವ ಒಂದು ವಾದವಿದೆ: ಥರೋಬ್ರೆಡ್ ತಳಿಯ ಗುಣವೇ ಅದು, ಹುಟ್ಟಿನಿಂದಲೇ ತೆಳು ಗೊರಸು, ತಗ್ಗು ಹಿಮ್ಮಡಿ, ನಾವೇನು ಮಾಡಲಾದೀತು ಎಂಬುದು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮ ನಾಡಿನಲ್ಲೇ ಇದೆ. ಅಲ್ಲಿರಲಿ, ಬೇರೆ ಯಾವ ಸ್ಟಡ್ ಫಾರ್ಮ್‌ನಲ್ಲೇ ಇರಲಿ, ತಾಯಿಯ ಪಕ್ಕ ನಿಂತ ಮರಿಯ ಗೊರಸು ನೋಡಿ. ನೆಟ್ಟಗೆ, ಬಟ್ಟಲಿನ ಹಾಗೆ ನಿಂತಿರುತ್ತದೆ. ಅದೇ ಮರಿ ತರಬೇತಿಗೆ ಬಂದು ಎರಡು ವರ್ಷ ಓಡಿದ ಮೇಲೆ ನೋಡಿ. ಥರೋಬ್ರೆಡ್‌ನ ಗೋಡೆ ತೆಳುವಿರಬಹುದು, ನಿಜ. ತೆಳು ಗೋಡೆಯ ಮನೆಗೆ ತಳಪಾಯ ಹೆಚ್ಚು ಹುಷಾರಾಗಿ ಹಾಕಬೇಕೇ ಹೊರತು, ಗೋಡೆ ತೆಳುವಾದ್ದರಿಂದ ಮನೆ ವಾಲಿದರೂ ಸರಿ ಎನ್ನಲಾಗುವುದಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಬರೆದ ಗ್ರಂಥದಲ್ಲಿ, ಕುದುರೆ ಕೊಳ್ಳುವವನು ಪರೀಕ್ಷೆಯನ್ನು ಗೊರಸಿನಿಂದಲೇ ಶುರು ಮಾಡಬೇಕೆಂದು ಹೇಳುತ್ತಾನೆ. ಅವನು ಕೊಡುವ ಹೋಲಿಕೆಯೂ ಮನೆಯ ತಳಪಾಯದ್ದೇ.

ಗೊರಸು ಕೆಡುವುದಕ್ಕೆ ತಳಿಗಿಂತ ದೊಡ್ಡ ಕಾರಣ ಲಾಳದ ಅವಧಿ. ಎತ್ತಿಗೆ ಲಾಳ ಕಟ್ಟಿಸುವುದನ್ನು ನೋಡಿ ಬೆಳೆದವರು ನಾವು. ಎತ್ತನ್ನು ಕೆಡವಿ, ಕಾಲು ಬಿಗಿದು, ಸೀಳುಗೊರಸಿಗೆ ಎರಡೆರಡು ತಗಡು ಬಡಿದು ಬಿಟ್ಟರೆ ಅವು ಸವೆಯುವವರೆಗೆ ಚಿಂತೆಯಿಲ್ಲ. ಲಾಳವೆಂದರೆ ಸವೆತ ತಡೆಯುವ ಕಬ್ಬಿಣ ಎಂಬ ತಿಳಿವಳಿಕೆ ಅಲ್ಲಿಂದ ನಮ್ಮ ರಕ್ತದಲ್ಲಿ ಉಳಿದುಬಿಟ್ಟಿದೆ. ಹಾಗಾಗಿ ಕುದುರೆ ಮಾಲೀಕ ಕೇಳುವ ಪ್ರಶ್ನೆ ಒಂದೇ, "ಲಾಳ ಇನ್ನೂ ಗಟ್ಟಿ ಇದೆಯಾ?" ಕೇಳಬೇಕಾದದ್ದು ಲಾಳದ ಮೇಲಿರುವ ಗೊರಸು ಎಲ್ಲಿಗೆ ಹೋಗಿದೆ ಎಂದು. ಮೊಳೆಗಳು ಇರುವುದು ಗೊರಸಿನ ಮುಂದಿನ ಅರ್ಧದಲ್ಲಿ, ಅಲ್ಲಿ ಕೊಂಬು ಸವೆಯುವುದಿಲ್ಲ. ಹಿಮ್ಮಡಿಗೆ ಮೊಳೆಯಿಲ್ಲ. ಪ್ರತಿ ಹೆಜ್ಜೆಗೂ ಅದು ಅಗಲಿ ಕುಗ್ಗಿ ಲಾಳದ ಮೇಲೆ ಉಜ್ಜುತ್ತದೆ, ಸವೆಯುತ್ತದೆ. ಮುಂದೆ ಬೆಳವಣಿಗೆ, ಹಿಂದೆ ಸವೆತ. ಯಾರೂ ಏನೂ ತಪ್ಪು ಮಾಡದಿದ್ದರೂ ವಾರದಿಂದ ವಾರಕ್ಕೆ ಗೊರಸು ತಾನಾಗಿಯೇ ಉದ್ದ ತುದಿ, ತಗ್ಗು ಹಿಮ್ಮಡಿಯ ಕಡೆ ವಾಲುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು ಎಂಟು ವಾರದ ಅವಧಿಯಲ್ಲಿ ಗೊರಸಿನ ಕೋನ ಸುಮಾರು 3 ಡಿಗ್ರಿ ಇಳಿಯುವುದನ್ನು ದಾಖಲಿಸಿ 2005ರಲ್ಲಿ ಪ್ರಕಟಿಸಿದರು. ಹೊರಗಿನ ಕೋನವೂ ಒಳಗಿನ ಮೂಳೆಯ ಓರೆಯೂ ಒಂದೇ ಅಲ್ಲ, ಆದ್ದರಿಂದ ಈ ಮೂರನ್ನು ಮೇಲೆ ಹೇಳಿದ ನಾಲ್ಕರಿಂದ ಗುಣಿಸುವಂತಿಲ್ಲ. ದಿಕ್ಕು ಮಾತ್ರ ಒಂದೇ. ಹೀಗೆ ತಾನಾಗಿಯೇ ವಾಲುವ ಗೊರಸಿಗೆ ಲಾಳದ ದಿನ "ತುದಿ ಬಿಡಿ" ಎನ್ನುವವನು, ಜಾರುತ್ತಿರುವ ಗಾಡಿಯನ್ನು ಹಿಂದಿನಿಂದ ತಳ್ಳುತ್ತಿದ್ದಾನೆ.

ಮೈಸೂರಿನ ಟಾಂಗಾ ಕುದುರೆಗಳ ಗೊರಸೂ ಚೆನ್ನಾಗಿಲ್ಲ. ಆದರೆ ಟಾಂಗಾದವನ ಬಳಿ ದುಡ್ಡಿಲ್ಲ, ಅವನಲ್ಲಿ ಸಿದ್ಧಾಂತವೂ ಇಲ್ಲ. ತೋರಿಸಿಕೊಟ್ಟರೆ ಕೇಳುತ್ತಾನೆ. ನನ್ನ ಜಗಳ ದುಡ್ಡೂ ಇದ್ದು, ತಪ್ಪನ್ನೇ ವಿದ್ಯೆ ಎಂದುಕೊಂಡವರ ಜತೆ.

"ಉದ್ದ ತುದಿ ಇಟ್ಟುಕೊಂಡೇ ಗೆದ್ದಿತಲ್ಲ" ಎನ್ನುವುದು ಅವರ ಕೊನೆಯ ಅಸ್ತ್ರ. ಗೆದ್ದ ಕುದುರೆಯ ಫೋಟೋ ಗೋಡೆಯ ಮೇಲಿರುತ್ತದೆ. ಸ್ನಾಯುರಜ್ಜು ಹರಿದುಕೊಂಡು ಮೂರನೆಯ ವರ್ಷಕ್ಕೇ ಲಾಯ ಬಿಟ್ಟ ಕುದುರೆಗಳ ಫೋಟೋ ಯಾವ ಗೋಡೆಯ ಮೇಲೂ ಇಲ್ಲ. ಗೆದ್ದವನ್ನಷ್ಟೇ ಎಣಿಸಿದರೆ ಎಂಥ ಕೆಟ್ಟ ಪದ್ಧತಿಯೂ ಒಳ್ಳೆಯದಾಗಿ ಕಾಣುತ್ತದೆ. ಸತ್ತವನ್ನೂ ಎಣಿಸಿದರೆ ಏನು ಕಾಣುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನವಿದೆ. ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಹಿಡಿತಕ್ಕೆಂದು ಲಾಳದ ತುದಿಯಲ್ಲಿ ಕೆಲವೇ ಮಿಲಿಮೀಟರ್ ಎತ್ತರದ ಅಂಚೊಂದನ್ನು ಇಡುತ್ತಿದ್ದರು, ಟೋ ಗ್ರ್ಯಾಬ್ ಎಂದು ಹೆಸರು. ಅದೂ ಓಟಕ್ಕೆ ಸಹಾಯ ಎಂದೇ ಎಲ್ಲರೂ ನಂಬಿದ್ದರು. ಕೇನ್, ಸ್ಟೋವರ್ ಮೊದಲಾದವರು ಅಲ್ಲಿನ ರೇಸ್ ಟ್ರ್ಯಾಕ್‌ಗಳಲ್ಲಿ ಸತ್ತ ಥರೋಬ್ರೆಡ್‌ಗಳ ಲಾಳಗಳನ್ನು ಪರಿಶೀಲಿಸಿ 1996ರಲ್ಲಿ ಬರೆದರು: ಫೆಟ್‌ಲಾಕ್ ಕೀಲನ್ನು ಎತ್ತಿಹಿಡಿಯುವ ಸಸ್ಪೆನ್ಸರಿ ವ್ಯವಸ್ಥೆ ಹರಿದುಹೋಗುವ ಸಂಭವ, ಆ ಅಂಚಿಲ್ಲದ ಕುದುರೆಗಳಿಗೆ ಹೋಲಿಸಿದರೆ, ಸಾಮಾನ್ಯ ಅಳತೆಯ ಟೋ ಗ್ರ್ಯಾಬ್ ಹಾಕಿದವುಗಳಲ್ಲಿ 15.6 ಪಟ್ಟು. ಅದೇ ಗುಂಪು 1998ರಲ್ಲಿ ಗೊರಸಿನ ಆಕಾರವನ್ನೇ ಪರಿಶೀಲಿಸಿತು. ತುದಿಯ ಕೋನಕ್ಕೂ ಹಿಮ್ಮಡಿಯ ಕೋನಕ್ಕೂ ಅಂತರ ಹೆಚ್ಚಿದಂತೆ, ಅಂದರೆ ಹಿಮ್ಮಡಿ ಅಡಿಗೆ ಮಲಗಿದಂತೆ, ಇದೇ ವ್ಯವಸ್ಥೆ ಹರಿಯುವ ಸಂಭವ ಏರುತ್ತಿತ್ತು. ಅಲ್ಲಿಯೂ ಟ್ರೈನರ್‌ಗಳು ಒಪ್ಪಲಿಲ್ಲ, ವರ್ಷಗಟ್ಟಲೆ ವಾದಿಸಿದರು. ಮುಂಗಾಲಿನ ಟೋ ಗ್ರ್ಯಾಬ್ ಅಲ್ಲಿನ ರಾಷ್ಟ್ರೀಯ ಸುರಕ್ಷತಾ ನಿಯಮದಲ್ಲಿ ನಿಷೇಧವಾದದ್ದು 2022ರಲ್ಲಿ. ಇಪ್ಪತ್ತಾರು ವರ್ಷ. ಅಷ್ಟರಲ್ಲಿ ಬಿದ್ದ ಕುದುರೆಗಳನ್ನು ಯಾರೂ ವಾಪಸು ತರಲಾರರು. ನಾವೂ ಅಷ್ಟು ವರ್ಷ ಕಾಯಬೇಕೇ?

ನನ್ನ ಮಾತನ್ನು ಇನ್ನೊಂದು ತುದಿಗೆ ಎಳೆಯುವುದೂ ಬೇಡ. ಹಿಮ್ಮಡಿ ತಗ್ಗಿದೆ ಎಂದು ಬೆಣೆಯಿಟ್ಟು ವರ್ಷಗಟ್ಟಲೆ ಓಡಿಸಿದರೆ, ಮೊದಮೊದಲು ನೋವು ಇಳಿದರೂ ಆ ಬೆಣೆಯೇ ಕುಸಿದ ಹಿಮ್ಮಡಿಯನ್ನು ಮತ್ತಷ್ಟು ಜಜ್ಜುತ್ತದೆ. ಎಲ್ಲ ಮುಂಗೊರಸಿಗೂ 45 ಡಿಗ್ರಿ ಎಂದು ಮಾಪಕ ಹಿಡಿದು ಕತ್ತರಿಸುವುದೂ ಅಷ್ಟೇ ಕುರುಡು, ಪ್ರತಿ ಕುದುರೆಯ ಪಾಸ್ಟರ್ನ್ ತನ್ನ ಕೋನವನ್ನು ತಾನೇ ಹೇಳುತ್ತದೆ. ಲಾಳವೇ ಕುದುರೆಯ ಶತ್ರು, ಬರಿಗಾಲಿಗೆ ಬಿಟ್ಟರೆ ಎಲ್ಲವೂ ವಾಸಿ ಎನ್ನುವ ಹೊಸ ಪಂಥವನ್ನೂ ನಾನು ನಂಬುವುದಿಲ್ಲ. ಬರಿಗಾಲಿನಲ್ಲೂ ತುದಿ ಉದ್ದವಾಗುತ್ತದೆ, ಹಿಮ್ಮಡಿ ಮಲಗುತ್ತದೆ.

ನಾಲಬಂದ್ ಬಗ್ಗೆ ಹೇಳದಿದ್ದರೆ ಇದು ಅರ್ಧ ಮಾತಾಗುತ್ತದೆ. ಲಾಯದಲ್ಲಿ ಅವನ ಸ್ಥಾನ ಎಲ್ಲಿದೆ? ಕುದುರೆಗೆ ಇಷ್ಟು ಎಂದು ಕೂಲಿ, ಬೆಳಗಿನಿಂದ ಬಗ್ಗಿದ ಬೆನ್ನು, ಎದುರು ಮಾತಾಡಿದರೆ ನಾಳೆ ಬೇರೊಬ್ಬ. ತಂದೆಯಿಂದ ಕಲಿತ ಕೈ ಅದು, ಗೊರಸು ಮುಟ್ಟಿದರೆ ಅದರ ಜ್ವರ ಹೇಳುತ್ತದೆ. ಆದರೆ ಎಕ್ಸ್‌ರೇ ಫಿಲ್ಮನ್ನು ಅವನಿಗೆ ಯಾರೂ ತೋರಿಸುವುದಿಲ್ಲ. ವೈದ್ಯರು ಬಂದು ಹೋದ ಮೇಲೆ ಅವನು ಬರುತ್ತಾನೆ, ಇಬ್ಬರೂ ಒಂದೇ ಗೊರಸಿನ ಮುಂದೆ ಒಂದೇ ಹೊತ್ತಿಗೆ ನಿಂತದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ಕಂಡಿದ್ದೇನೆ. ಬ್ರಿಟನ್‌ನಲ್ಲಿ 1975ರ ಕಾನೂನಿನ ಪ್ರಕಾರ ನೋಂದಣಿಯಾಗದವರು ಕುದುರೆಗೆ ಲಾಳ ಹೊಡೆಯುವುದೇ ಅಪರಾಧ. ಆ ನೋಂದಣಿಗೆ ವರ್ಷಗಳ ಶಿಷ್ಯವೃತ್ತಿ ಬೇಕು. ನಮ್ಮಲ್ಲಿ ಸೇನೆಯ ಹೊರಗೆ ಆ ಬಗೆಯ ಶಿಸ್ತಾದ ಕಲಿಕೆ ಅಪರೂಪ. ಹದಿಮೂರನೆಯ ಶತಮಾನದ ಕೊನೆಗೆ ದಕ್ಷಿಣ ಭಾರತಕ್ಕೆ ಬಂದ ಮಾರ್ಕೋ ಪೋಲೋ, ಸಾವಿರಾರು ಅರಬ್ಬಿ ಕುದುರೆಗಳು ಇಲ್ಲಿಗೆ ಬಂದು ಆರೈಕೆ ಬಲ್ಲವರಿಲ್ಲದೆ ಸಾಯುತ್ತವೆ, ಮಾರುವ ವ್ಯಾಪಾರಿಗಳು ಅಂಥವರು ಇಲ್ಲಿಗೆ ಬಾರದಂತೆಯೇ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದಾನೆ. ಸತ್ತಷ್ಟೂ ಅವರಿಗೆ ಹೊಸ ಮಾರಾಟ. ಏಳು ಶತಮಾನ ಕಳೆದಿವೆ. ಬಲ್ಲವನು ಈಗ ನಮ್ಮ ಲಾಯದಲ್ಲೇ, ಕಾಲು ಹಿಡಿದು ಕೂತಿದ್ದಾನೆ. ಅವನ ಕೈಯನ್ನು ತಡೆಯುತ್ತಿರುವವರು ನಾವೇ.

ಆದ್ದರಿಂದ ಕುದುರೆ ಸಾಕುವವರಲ್ಲಿ ನನ್ನ ಕೋರಿಕೆ ಇದು. ಮುಂದಿನ ಲಾಳದ ದಿನ ಮೊಬೈಲನ್ನು ನೆಲಕ್ಕಿಟ್ಟು ನಾಲ್ಕೂ ಗೊರಸಿನ ಫೋಟೋವನ್ನು ಪಕ್ಕದಿಂದ ತೆಗೆಯಿರಿ, ಹಳೆ ಲಾಳ ಕೀಳುವ ಮೊದಲೊಮ್ಮೆ, ಹೊಸತು ಹೊಡೆದ ಮೇಲೊಮ್ಮೆ. ಆರು ತಿಂಗಳ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಗೆರೆ ಮುರಿದಿದ್ದರೆ ಎಕ್ಸ್‌ರೇ ತೆಗೆಸಿ, ವೈದ್ಯರನ್ನೂ ನಾಲಬಂದ್‌ನನ್ನೂ ಒಟ್ಟಿಗೆ ಕರೆಸಿ, ಅದನ್ನು ಇಬ್ಬರ ಕೈಗೂ ಕೊಡಿ. ಲಾಳ ಗಟ್ಟಿಯಿದ್ದರೂ ಐದನೆಯ ವಾರ ದಾಟಿಸಬೇಡಿ. ಟ್ರೈನರ್‌ಗಳೇ, ನಿಮ್ಮಲ್ಲಿ ಇನ್ನೂ ಚಿಕ್ಕ ಬೇಡಿಕೆ ನನ್ನದು. ನಾಲಬಂದ್ ಅರ ಎತ್ತಿಕೊಂಡಾಗ ಅವನನ್ನು ತಡೆಯಬೇಡಿ.